ಮದುವಿ ಸಿನಿಮಾ ಯಾಕ ಓಡವಲ್ದು?

ಈ ವಾರ ಗಾಂಧಿನಗರದ ಸುದ್ದಿ ಇಲ್ಲ. ಯಾವ ನಾಯಕಿ ಯಾವ ನಾಯಕನ ಮೇಲೆ ಮುನಿಸಿಕೊಂಡಳು ಅನ್ನೋದು ಪಕ್ಕದ ಪುಟದಲ್ಲಿದೆ, ಓದಿಕೊಂಡು ಬನ್ನಿ. ನಾನು ಹೇಳಹೊರಟಿರೋದು ನಿಮ್ಮ ಮನೆಯ ಸಿನಿಮಾ ಬಗ್ಗೆ. ಅದಕ್ಕೆ ನೀವೇ ನಾಯಕ, ನಿಮ್ಮ ಮನೆಯಾಕೆಯೇ ನಾಯಕಿ, ನಿಮ್ಮ ಮಾವನವರೇ ನಿರ್ಮಾಪಕರು! ಸೆನ್ಸಾರಿನ ಕತ್ತರಿ ಇಲ್ಲ, ತೆರಿಗೆ ಇಲ್ಲ, ಮೊದಲ ಪ್ರದರ್ಶನಕ್ಕೇ ಪಡಸಾಲಿ ಹೌಸ್‌ಫುಲ್. ಆದರೆ ಆ ಸಿನಿಮಾ ಓಡೋದೇ ಇಲ್ಲ ಅಂದ್ರೆ? ನೂರು ದಿನದ ಮಾತಲ್ಲ ಸ್ವಾಮೀ, ಒಂದು ನಿಮಿಷವೂ ಓಡೋದಿಲ್ಲ!

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಅಂತ ಬಸ್ಸು ಹತ್ತಿ ಇಳಿಯೋ ನನಗೆ ಈ ದೂರು ಮೇಲಿಂದ ಮೇಲೆ ಕೇಳಿಬರುತ್ತೆ. "ಅಂಗಡ್ಯಾಂವ ತನ್ನ ಕಂಪ್ಯೂಟರಿನಾಗ ಹಾಕಿ ತೋರಿಸಿದ್ನರಿ, ಛಂದ ಓಡಿತ್ತು. ಮನಿಗೆ ತಂದು ಪ್ಲೇಯರಿಗೆ ಹಾಕಿದ್ರ 'ನೋ ಡಿಸ್ಕ್' ಅಂತ ಬರಾಕತ್ತೈತಿ." ಮನೆಯ ಅಜ್ಜಿ ಮಾತ್ರ ಮೊಮ್ಮಗನ ಮೇಲೇ ತಪ್ಪು ಹೊರಿಸ್ತಾಳೆ. "ನೀನ ಏನೋ ಒತ್ತಿ ಕೆಡಿಸಿಯೋ ತಮ್ಮಾ!"

ಮೊಮ್ಮಗನೂ ಕೆಡಿಸಿಲ್ಲ, ಪ್ಲೇಯರೂ ಕೆಟ್ಟಿಲ್ಲ, ಎಷ್ಟೋ ಸಲ ಡಿಸ್ಕೂ ಚೆನ್ನಾಗೇ ಇರುತ್ತೆ. ಆಗಿರೋದಿಷ್ಟೆ: ಡಬ್ಬಿ ಸರಿ ಇದೆ, ಒಳಗಿನ ರೀಲು ಬೇರೆ. 35 ಎಂ.ಎಂ. ಪ್ರೊಜೆಕ್ಟರಿಗೆ 16 ಎಂ.ಎಂ. ರೀಲು ಸಿಕ್ಕಿಸಿದರೆ ಟಾಕೀಸಿನ ಆಪರೇಟರು ಏನು ಮಾಡಿಯಾನು? ಕಂಪ್ಯೂಟರು ಅನ್ನೋದು ಸಕಲಕಲಾವಲ್ಲಭ, ಯಾವ ಫೈಲು ಕೊಟ್ಟರೂ ಬಿಚ್ಚಿ ತೋರಿಸುತ್ತೆ. ಮನೆಯ ಡಿ.ವಿ.ಡಿ. ಪ್ಲೇಯರು ಹಾಗಲ್ಲ. ಅದು ಮಡಿವಂತ ಮುದುಕ! ತನ್ನ ಪದ್ಧತಿಯಲ್ಲಿ ಬಡಿಸಿದರೆ ಮಾತ್ರ ಊಟ, ಇಲ್ಲದಿದ್ದರೆ ಎಲೆ ಬಿಟ್ಟು ಎದ್ದೇ ಬಿಡುತ್ತೆ.

"ಈಗಿನ ಕಾಲದಾಗ ಡಿ.ವಿ.ಡಿ. ಯಾರ್ ನೋಡ್ತಾರ್ರಿ?" ಅಂತ ಕೇಳ್ತೀರಿ, ಗೊತ್ತು. ಎಲ್ಲಾ ಮೊಬೈಲಿಗೆ ಬಂದಿದೆ, ಪೆನ್‌ಡ್ರೈವಿಗೆ ಬಂದಿದೆ. ಖರೆ. ಆದರೆ ಮೊಬೈಲು ತುಂಬಿತು ಅಂತ ಮಗ ಏನೇನು ಅಳಿಸಿದ ಅನ್ನೋದು ಅವನಿಗೇ ನೆನಪಿರೋದಿಲ್ಲ. ಹಳ್ಳಿಯ ಮನೆಯಲ್ಲಿ ಟಿ.ವಿ. ಕೆಳಗೆ ಕ್ರೋಶಾ ಬಟ್ಟೆ ಹೊದ್ದು ಕೂತಿರೋ ಪ್ಲೇಯರು ಇನ್ನೂ ಇದೆ, ಅದರ ಒಂದೇ ಗುಂಡಿ ಒತ್ತೋದು ಅಜ್ಜನಿಗೂ ಗೊತ್ತು. ಆ ಪ್ಲೇಯರು ಮನೆಗೆ ಬರೋದಕ್ಕೆ ನಮ್ಮ ಸಿನಿಮಾವೇ ಕಾರಣ ಅಲ್ಲವೇ? 1996ರಲ್ಲಿ ಜಪಾನಿನಲ್ಲಿ ಡಿ.ವಿ.ಡಿ. ಹುಟ್ಟಿತು. ಅದಾಗಿ ಸುಮಾರು ಹತ್ತು ವರ್ಷಕ್ಕೆ ನಮ್ಮಲ್ಲಿ ಮೋಸರ್ ಬೇರ್ ಕಂಪನಿಯವರು ಸಿನಿಮಾ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರೋಕೆ ನಿಂತರು. ಖಾಲಿ ಡಿಸ್ಕು ಮಾಡುತ್ತಿದ್ದವರೂ ಅವರೇ. ಆ ಕಂಪನಿಯನ್ನು ಮುಚ್ಚಿ ಲೆಕ್ಕ ಚುಕ್ತಾ ಮಾಡಿ ಅಂತ 2018ರಲ್ಲಿ ನ್ಯಾಯಮಂಡಳಿ ಹೇಳಿತು. ಕಂಪನಿ ಹೋಯಿತು, ಡಿಸ್ಕುಗಳು ಕಪಾಟಿನಲ್ಲಿ ಉಳಿದವು.

ಅಂದ ಹಾಗೆ ಒಂದು ಮಾತು. ಹೊಸ ಸಿನಿಮಾ ಕದ್ದು ಡಿಸ್ಕ್ ಹೊಡೆಯೋ ವಿದ್ಯೆ ಇದಲ್ಲ. ಅದನ್ನು ಕೇಳೋರು ಪುಟ ತಿರುಗಿಸಬಹುದು.

ಈಗ ಒಳಗಿನ ಗುಟ್ಟಿಗೆ ಬರೋಣ. ನಮ್ಮ ಸ್ಟುಡಿಯೋದವರು "ರೈಟ್ ಮಾಡಿಕೊಡ್ತೇನಿ" ಅಂತಾರೆ, ಇಂಗ್ಲಿಷಿನವರು "ಸುಡೋದು" ಅಂತಾರೆ. ಈ ವಿಷಯದಲ್ಲಿ ಇಂಗ್ಲಿಷಿನವರೇ ಸರಿ. ಅಂಗಡಿಯಲ್ಲಿ ಸಿಗೋ ಸಿನಿಮಾ ಡಿಸ್ಕು ಫ್ಯಾಕ್ಟರಿಯಲ್ಲಿ ಅಚ್ಚು ಒತ್ತಿದ್ದು. ಸ್ಟುಡಿಯೋದ ಡಿಸ್ಕಿನ ನಡುವೆ ಒಂದು ಬಣ್ಣದ ಪದರ ಇರುತ್ತೆ, ಲೇಸರ್ ಕಿರಣ ಅದನ್ನು ಚುಕ್ಕಿ ಚುಕ್ಕಿಯಾಗಿ ಸುಡುತ್ತೆ. ಆ ಚುಕ್ಕಿಗಳೇ ನಿಮ್ಮ ಮದುವೆ!

ಡಿಸ್ಕಿಗೆ ಎರಡು ರೀತಿ ಸುಡಬಹುದು. ಮೊಬೈಲಿನ ಎಂ.ಪಿ.4 ಫೈಲನ್ನು ಹಾಗೇ ಎಳೆದು ಹಾಕಿ ಸುಟ್ಟರೆ ಅದು ಡೇಟಾ ಡಿಸ್ಕ್. ಹೆಚ್ಚಿನ ಅಂಗಡಿಗಳಲ್ಲಿ ಅವಸರಕ್ಕೆ ಮಾಡೋದು ಇದನ್ನೇ, ಐದು ನಿಮಿಷದ ಕೆಲಸ ನೋಡಿ! ಡಿವ್-ಎಕ್ಸ್ ಅಂತ ಗುರುತು ಇರೋ ಕೆಲವು ಪ್ಲೇಯರುಗಳು ಎ.ವಿ.ಐ. ಫೈಲನ್ನು ಹೇಗೋ ಓಡಿಸಿಯಾವು, ಎಂ.ಪಿ.4 ಕಂಡರೆ ಹಳೇ ಪ್ಲೇಯರುಗಳು ಮುಖ ತಿರುಗಿಸ್ತಾವೆ. ಎರಡನೆಯದು ಡಿ.ವಿ.ಡಿ. ವಿಡಿಯೋ. ಇದರಲ್ಲಿ ಚಿತ್ರವನ್ನು ಎಂಪೆಗ್-2 ಅನ್ನೋ ರೂಪಕ್ಕೆ ಇಳಿಸಿ, ತುಂಡು ತುಂಡಾಗಿ ವಿ.ಓ.ಬಿ. ಫೈಲುಗಳಾಗಿ ಕತ್ತರಿಸಿ, ಯಾವ ತುಂಡು ಎಲ್ಲಿ ಅನ್ನೋ ಪಟ್ಟಿಯನ್ನು ಐ.ಎಫ್.ಓ. ಫೈಲಿನಲ್ಲಿ ಬರೆದು, ಎಲ್ಲವನ್ನೂ "ವಿಡಿಯೋ ಟಿ.ಎಸ್." ಅನ್ನೋ ಫೋಲ್ಡರಿನಲ್ಲಿ ಇಡಬೇಕು. ಪ್ಲೇಯರು ಡಿಸ್ಕ್ ನುಂಗಿದ ಕೂಡಲೇ ಹುಡುಕೋದು ಈ ಫೋಲ್ಡರನ್ನೇ. ನೀವೂ ಪರೀಕ್ಷೆ ಮಾಡಬಹುದು: ಡಿಸ್ಕನ್ನು ಯಾವುದಾದರೂ ಕಂಪ್ಯೂಟರಿಗೆ ಹಾಕಿ ತೆರೆದು ನೋಡಿ. ಆ ಫೋಲ್ಡರು ಇದ್ದರೆ ಅರ್ಧ ಗೆದ್ದಂತೆ. ಬರೇ ಎಂ.ಪಿ.4 ಕಂಡರೆ ಅಂಗಡಿಗೆ ವಾಪಸ್ ನಡೀರಿ. ಜಗಳ ಬೇಡ, "ಡೇಟಾ ಬ್ಯಾಡ್ರಿ ಅಣ್ಣಾರ, ಡಿ.ವಿ.ಡಿ. ವಿಡಿಯೋ ಮಾಡಿಕೊಡ್ರಿ" ಅನ್ನಿ ಸಾಕು. ಕೆಲಸ ಗೊತ್ತಿರೋನಾದರೆ ಮುಖ ನೋಡಿಯೇ ಅರ್ಥ ಮಾಡಿಕೊಳ್ತಾನೆ.

ಇನ್ನರ್ಧ ಧ್ವನಿಯ ಕಥೆ. ಕೆಲವು ಮನೆಗಳಲ್ಲಿ ಚಿತ್ರ ಬರುತ್ತೆ, ದನಿ ಬರೋದಿಲ್ಲ. ವಾಕ್ಚಿತ್ರ ಮೂಕಿ ಚಿತ್ರವಾಯಿತು! ಮೊಬೈಲು ದನಿಯನ್ನು ತುಂಬೋದು ಎ.ಎ.ಸಿ. ಅನ್ನೋ ರೀತಿಯಲ್ಲಿ. ಡಿ.ವಿ.ಡಿ. ಪದ್ಧತಿಯಲ್ಲಿ ಅದಕ್ಕೆ ಜಾಗವಿಲ್ಲ. ಎ.ಸಿ.-3 ಆಗಬೇಕು, ಪಿ.ಸಿ.ಎಂ. ಆಗಬೇಕು, ನಮ್ಮ ಪಾಲ್ ಪದ್ಧತಿಯಲ್ಲಿ ಎಂಪೆಗ್ ಧ್ವನಿಯೂ ನಡೆದೀತು. ಇಷ್ಟು ಬದಲಿಸದೆ ಕೊಟ್ಟರೆ ಸೊಸೆ ಬಾಯಿ ಆಡಿಸ್ತಾಳೆ, ಒಡಪು ಕೇಳೋದಿಲ್ಲ.

ಒಡಪು ಅಂದೆನಲ್ಲ, ಇಲ್ಲಿ ನನ್ನದೊಂದು ತಕರಾರಿದೆ. ಉಡಿ ತುಂಬುವಾಗ ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳೋ ನಮ್ಮ ಕಡೆಯ ಚೆಲುವು ಯಾವ ಸಂಭಾಷಣೆಕಾರನಿಗೂ ಬಾರದು. ಸ್ಟುಡಿಯೋದ ಎಡಿಟರ್ ಮಹಾಶಯರು ಅದೇ ಜಾಗಕ್ಕೆ ಸಿನಿಮಾ ಹಾಡು ಹಾಕಿ ಮುಚ್ಚಿಬಿಡ್ತಾರೆ. ಹಾಡು ಎಲ್ಲಿ ಬೇಕಾದರೂ ಸಿಗುತ್ತೆ ಮಹಾಶಯರೇ! ಅಜ್ಜಿ ತನ್ನ ತಂಗಿಯರ ನಡುವೆ ನಿಂತು ನಾಚಿಕೊಂಡು ಹೇಳಿದ ಆ ನಾಲ್ಕು ಮಾತು ಇನ್ನೆಲ್ಲಿ ಸಿಗುತ್ತೆ? ಹಾಡು ಮೆರವಣಿಗೆಗೆ ಇರಲಿ. ಒಡಪು, ಸುರಗಿ, ಅಕ್ಕಿಕಾಳು, ಮಗಳನ್ನು ಕಳಿಸೋವಾಗಿನ ಅಳು ಇವಕ್ಕೆಲ್ಲ ಮೂಲ ದನಿಯೇ ಬೇಕು. ಮುಂಗಡ ಕೊಡುವಾಗಲೇ ಹೇಳಿಬಿಡಿ.

ಎಷ್ಟು ಹೊತ್ತಿನ ಸಿನಿಮಾ ಒಂದು ಡಿಸ್ಕಿನಲ್ಲಿ ಹಿಡಿದೀತು? ಡಬ್ಬಿಯ ಮೇಲೆ 4.7 ಜಿ.ಬಿ. ಅಂತ ಇರುತ್ತೆ, ಕಂಪ್ಯೂಟರು ತನ್ನ ಲೆಕ್ಕದಲ್ಲಿ ಅದನ್ನೇ 4.37 ಅನ್ನುತ್ತೆ. ಮೋಸವಲ್ಲ, ಎಣಿಸೋ ರೀತಿ ಬೇರೆ. ಒಂದರಿಂದ ಎರಡು ತಾಸಿನವರೆಗೆ ಚಿತ್ರ ಚೊಕ್ಕವಾಗಿರುತ್ತೆ. ಅದರಾಚೆ ನಾಲ್ಕು ತಾಸು ತುರುಕಿದರೆ ಬೀಗರ ಮುಖವೆಲ್ಲ ಚೌಕಾಬಾರದ ಮನೆಯ ಹಾಗೆ ಒಡೆದು ಕಾಣುತ್ತೆ. "ಒಂದ ಡಿಸ್ಕಿನಾಗ ಎಲ್ಲಾ ಕುಂಡರಿಸ್ತೇನಿ" ಅನ್ನೋ ಅಂಗಡಿಯವನ ಉದಾರತೆಯನ್ನು ನಯವಾಗಿ ನಿರಾಕರಿಸಿ. ಇನ್ನೊಂದು ಡಿಸ್ಕಿನ ಬೆಲೆ ಮದುವೆಯ ಒಂದು ಎಲೆ ಊಟಕ್ಕಿಂತ ಹೆಚ್ಚೇನಲ್ಲ.

ಮಿಕ್ಕ ಕಿವಿಮಾತು ಬೇಗ ಹೇಳಿ ಮುಗಿಸ್ತೇನೆ. ಹಳೇ ಪ್ಲೇಯರಿಗೆ ಡಿ.ವಿ.ಡಿ. ಮೈನಸ್-ಆರ್ ಡಿಸ್ಕು ಹೆಚ್ಚು ಒಗ್ಗುತ್ತೆ. ಅಳಿಸಿ ಬರೆಯೋ ಆರ್.ಡಬ್ಲ್ಯೂ. ಡಿಸ್ಕಿನ ಹೊಳಪು ಕಡಿಮೆ, ಅದನ್ನು ಎಷ್ಟೋ ಪ್ಲೇಯರುಗಳು ಗುರುತಿಸೋದೇ ಇಲ್ಲ. 16 ಎಕ್ಸ್ ಅಂತ ಬರೆದಿರೋ ಡಿಸ್ಕನ್ನೂ 8 ಎಕ್ಸ್ ವೇಗದಲ್ಲಿ ಸುಟ್ಟರೆ ಒಳ್ಳೇದು. ಕೊನೆಗೆ "ಫೈನಲೈಸ್" ಮಾಡಿಸಲೇಬೇಕು, ಇಲ್ಲದಿದ್ದರೆ ಕದ ಹಾಕದ ಮನೆಯಿದ್ದಂತೆ, ಬೇರೆ ಪ್ಲೇಯರು ಒಳಗೆ ಬರೋದಿಲ್ಲ. ದಂಪತಿಯ ಫೋಟೋ ಅಚ್ಚು ಮಾಡಿದ ಕಾಗದದ ಸ್ಟಿಕ್ಕರನ್ನು ಡಿಸ್ಕಿಗೆ ಅಂಟಿಸಬೇಡಿ, ತೂಕ ಏರುಪೇರಾಗಿ ತಿರುಗುವಾಗ ನಡುಗುತ್ತೆ. ಮಾರ್ಕರ್ ಪೆನ್ನಿನಲ್ಲಿ ಮೇಲುಬದಿಗೆ ಊರು, ತಾರೀಖು ಬರೆಯಿರಿ, ಫೋಟೋ ಡಬ್ಬಿಯ ಮೇಲಿರಲಿ. ಬಿಸಿಲಿಗೆ ಆ ಬಣ್ಣದ ಪದರ ತಡೆಯೋದಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ಕಿಟಕಿಯ ಹತ್ತಿರ ಇಡಬೇಡಿ. ಸ್ವಂತ ಕಂಪ್ಯೂಟರ್ ಇರೋರು ಡಿ.ವಿ.ಡಿ. ಸ್ಟೈಲರ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ತಾವೇ ಮಾಡಿಕೊಳ್ಳಬಹುದು. ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕೋ ಬಾಯೇ ಇರೋದಿಲ್ಲ, ಯು.ಎಸ್.ಬಿ.ಗೆ ಸಿಕ್ಕಿಸೋ ರೈಟರ್ ಸಿಗುತ್ತೆ.

ಬಾದಾಮಿಯ ಹೊಂಡದ ದಂಡೆಗೆ ಜೋಡಿಯನ್ನು ನಿಲ್ಲಿಸಿ ಡ್ರೋನ್ ಹಾರಿಸೋ ಈಗಿನ ಪಡ್ಡೆ ಕ್ಯಾಮೆರಾಮನ್ನರಿಗೂ ಒಂದು ಮಾತು. ನಿಮ್ಮ 4-ಕೆ ಚಿತ್ರದಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಡಿ.ವಿ.ಡಿ.ಯಲ್ಲಿ 720ಕ್ಕೆ 576. ಅಂದರೆ ಸರಿಯಾಗಿ ಇಪ್ಪತ್ತರಲ್ಲಿ ಒಂದು ಪಾಲು! ಅಜ್ಜ ಅಜ್ಜಿಗೆ ಡಿಸ್ಕ್ ಕೊಡಿ, ಮೂಲ ಫೈಲನ್ನು ಬೇರೆಯಾಗಿ ಎರಡು ಕಡೆ ಇಡೋದಕ್ಕೆ ಮನೆಯವರಿಗೆ ಹೇಳಿ. ಇನ್ನು ನಿಮ್ಮ ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ಹಿಡಿದಿದ್ದರೆ, 25ರ ಪಾಲ್ ಡಿಸ್ಕಿಗೆ ಇಳಿಸುವಾಗ ನಡಿಗೆ ಕುಂಟುತ್ತೆ. ಅಂಥದಕ್ಕೆ ಅಮೆರಿಕದವರ ಎನ್.ಟಿ.ಎಸ್.ಸಿ. ಪದ್ಧತಿಯಲ್ಲೇ ಡಿಸ್ಕ್ ಮಾಡಿ. ನಮ್ಮ ದೇಶದ ಹೆಚ್ಚಿನ ಪ್ಲೇಯರುಗಳು ಎರಡನ್ನೂ ಓಡಿಸ್ತಾವೆ. ಅಮೆರಿಕದ ಪ್ಲೇಯರುಗಳು ನಮ್ಮ ಪಾಲನ್ನು ಬಹಳಷ್ಟು ಸಲ ಓಡಿಸೋದಿಲ್ಲ. ಮಗಳು ಅಳಿಯ ಆ ಕಡೆ ಇದ್ದರೆ ಇದು ನೆನಪಿರಲಿ.

ಇಷ್ಟೂ ಹೊಸ ಮದುವೆಯ ಮಾತಾಯಿತು. ಹೊಸದು ಕೆಟ್ಟರೆ ಮತ್ತೊಮ್ಮೆ ಸುಡಿಸಬಹುದು, ಪೆನ್‌ಡ್ರೈವಿನಲ್ಲಿ ಇರುತ್ತೆ. ನನ್ನ ಹೊಟ್ಟೆಯುರಿ ಹಳೇ ಕ್ಯಾಸೆಟ್ಟುಗಳದು.

1980ರ, 90ರ ದಶಕದಲ್ಲಿ ಹಳೇ ಬಾಗಲಕೋಟೆಯ ಓಣಿಗಳಲ್ಲಿ ಎಷ್ಟು ಮದುವೆ ನಡೆದವು, ಎಷ್ಟು ಕಡೆ ಆ ದೊಡ್ಡ ವಿ.ಎಚ್.ಎಸ್. ಕ್ಯಾಮೆರಾ ಹೆಗಲಿಗೇರಿತು! ಹಿಂದೊಬ್ಬ ಹುಡುಗ ಲೈಟು ಹಿಡಿದು ವೈರು ಎಳೆಯುತ್ತಾ ಓಡುತ್ತಿದ್ದ. ಅವರು ಹಿಡಿದದ್ದು ಮದುಮಕ್ಕಳನ್ನು. ಅವರಿಗರಿವಿಲ್ಲದೆ ಹಿಂದೆ ಸಿಕ್ಕಿಬಿದ್ದದ್ದು ಮನೆಯ ಕಟ್ಟಿ, ಓಣಿಯ ತಿರುವು, ಬಾವಿ, ಹಂದರದಾಚೆ ಕಾಣೋ ಅಂಗಡಿ, ಹೋಳಿಯ ಹಲಗಿ ಬಡಿಯುತ್ತಾ ಹೋದ ಹುಡುಗರು. ಆಮೇಲೆ ಏನಾಯಿತು ಅನ್ನೋದು ನಿಮಗೇ ಗೊತ್ತು. 519.60 ಮೀಟರ್ ಮಟ್ಟಕ್ಕೆ ನೀರು ನಿಲ್ಲಿಸೋ ಆಲಮಟ್ಟಿ ಅಣೆಕಟ್ಟನ್ನು 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದರು. ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂತು, ಊರಿನ ಎಷ್ಟೋ ಭಾಗ ಮುಳುಗಿತು, ಜನ ನವನಗರದ ಸೆಕ್ಟರುಗಳಿಗೆ ಎದ್ದುಹೋದರು. ಆ ಓಣಿಗಳಿಗೆ ಈಗ ಹೋಗಿ ಬರೋ ದಾರಿ ಒಂದೇ, ಮದುವೆ ಕ್ಯಾಸೆಟ್ಟು. ಯಾರೋ ಒಬ್ಬ ಸೋದರಮಾವ ವರನಿಗೆ ಬಾಸಿಂಗ ಕಟ್ಟುವಾಗ ಹಿಂದಿನ ಗೋಡೆಯಲ್ಲಿ ನಿಮ್ಮ ಮುತ್ತಜ್ಜ ಕಟ್ಟಿಸಿದ ಬಾಗಿಲು ಕಾಣುತ್ತೆ. ಆ ಬಾಗಿಲಿನ ಫೋಟೋವನ್ನು ಬೇರೆ ಯಾರೂ ತೆಗೆದಿಲ್ಲ. ಬಾಗಿಲಿನ ಫೋಟೋ ಯಾರು ತೆಗೀತಾರೆ?

ಆ ಕ್ಯಾಸೆಟ್ಟುಗಳು ಟ್ರಂಕಿನಲ್ಲಿ ಬೂಷ್ಟು ಹಿಡಿಯುತ್ತಿವೆ. ಓಡಿಸೋ ಯಂತ್ರವೂ ಇಲ್ಲ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿ.ಸಿ.ಆರ್. ಮಾಡೋದನ್ನೇ ನಿಲ್ಲಿಸಿತು. ಈಗ ಉಳಿದಿರೋದು ಹಳೇ ಯಂತ್ರಗಳು, ಅವನ್ನು ರಿಪೇರಿ ಮಾಡೋ ಹಳೇ ಕೈಗಳು. ಎರಡೂ ದಿನದಿನಕ್ಕೆ ಕಡಿಮೆ ಆಗ್ತಿವೆ.

ಟ್ರಂಕು ತೆರೆದವರು ಮೊದಲು ಕ್ಯಾಸೆಟ್ಟಿನ ಗಾಜಿನ ಕಿಂಡಿಯಲ್ಲಿ ಇಣುಕಿ ನೋಡಿ. ಟೇಪಿನ ಅಂಚಿಗೆ ಬಿಳೀ ಪುಡಿ ಕಂಡರೆ ಯಾವ ಯಂತ್ರಕ್ಕೂ ಹಾಕಬೇಡಿ, ಟೇಪೂ ಹರಿಯುತ್ತೆ, ಯಂತ್ರದ ಹೆಡ್ಡೂ ಕೆಡುತ್ತೆ. ಅದನ್ನು ಮೊದಲು ತಿಳಿದವರಿಂದ ಸ್ವಚ್ಛ ಮಾಡಿಸಬೇಕು. ಚೊಕ್ಕಟ ಇದ್ದರೆ ಬೆನ್ನಿನ ಮೂಲೆಯಲ್ಲಿರೋ ಸಣ್ಣ ಪ್ಲಾಸ್ಟಿಕ್ ಹಲ್ಲನ್ನು ಮುರಿಯಿರಿ, ಅಪ್ಪಿತಪ್ಪಿಯೂ ಅದರ ಮೇಲೆ ಇನ್ನೊಂದು ರೆಕಾರ್ಡ್ ಆಗೋದಿಲ್ಲ. ವಿ.ಸಿ.ಆರ್.ನ ಹಳದಿ, ಬಿಳಿ, ಕೆಂಪು ವೈರುಗಳನ್ನು ಸಣ್ಣದೊಂದು ಯು.ಎಸ್.ಬಿ. ಯಂತ್ರದ ಮೂಲಕ ಕಂಪ್ಯೂಟರಿಗೆ ಕೊಟ್ಟು, ಕ್ಯಾಸೆಟ್ಟು ಓಡಿದಷ್ಟು ಹೊತ್ತೂ ಕಾದು ಕೂತು ತುಂಬಿಸಿಕೊಳ್ಳಬೇಕು. ಮೂರು ತಾಸಿನ ಕ್ಯಾಸೆಟ್ಟಿಗೆ ಮೂರು ತಾಸೇ ಬೇಕು, ಅವಸರ ನಡೆಯೋದಿಲ್ಲ. ಅಂಗಡಿಯವನು ಹೆಚ್ಚು ಹಣ ಕೇಳಿದರೆ ಆ ಮೂರು ತಾಸಿನ ಬೆಲೆ ಅದು, ಕೊಡಿ.

ಬಣ್ಣದಲ್ಲಿ ಪವಾಡ ಕೇಳಬೇಡಿ. ವಿ.ಎಚ್.ಎಸ್. ಟೇಪಿಗೆ ಕೆಂಪು ಅಂದರೆ ಆಗಿಬರೋದಿಲ್ಲ, ಗೆರೆ ದಾಟಿ ಹರಡುತ್ತೆ. ನಮ್ಮ ಹೆಣ್ಣುಮಕ್ಕಳು ಉಟ್ಟದ್ದೋ ಇಳಕಲ್ ಸೀರೆ, ಅದರ ತೋಪಿನ ಸೆರಗು ಕೆಂಪೋ ಕೆಂಪು! ಹಾಗಾಗಿ ಹಳೇ ಮದುವೆಗಳಲ್ಲಿ ಎಲ್ಲರ ಸೆರಗೂ ಅಂಚಿಗೆ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತೆ. ಡಿಸ್ಕಿಗೆ ಇಳಿಸಿದರೂ ಹಾಗೇ ಇರುತ್ತೆ. ಇರಲಿ ಬಿಡಿ, ಒಬ್ಬ ಎಡಿಟರು ಅದನ್ನು ಸರಿಮಾಡ್ತೇನೆ ಅಂತ ಹೋಗಿ ಮುತ್ತೈದೆಯರ ಹಣೆಯ ಕುಂಕುಮವನ್ನೂ ಕಂದು ಮಾಡಿಟ್ಟಿದ್ದು ನಾನೇ ನೋಡಿದ್ದೇನೆ.

ಮೂರು ತಾಸಿನ ಕ್ಯಾಸೆಟ್ಟನ್ನು ಎರಡು ಡಿಸ್ಕಿಗೆ, ಒಂದೂವರೆ ತಾಸಿನ ಹಾಗೆ ಒಡೆಯಿರಿ. ಇಂಟರ್ವಲ್ ಎಲ್ಲಿ ಬಿಡಬೇಕು ಅನ್ನೋದನ್ನು ಅಂಗಡಿಯವನಿಗೆ ಬಿಡಬೇಡಿ, ಅವನು ಗಡಿಯಾರ ನೋಡಿ ಕತ್ತರಿಸ್ತಾನೆ. ಅರಿಷಿಣ, ಸುರಗಿ ಮುಗಿದು ಹಂದರಕ್ಕೆ ಬರೋ ಮುಂಚೆ ಬಿಡಿ. ಅಕ್ಕಿಕಾಳಿಗೆ ಎಲ್ಲರೂ ಕೈ ಎತ್ತಿರೋ ಹೊತ್ತಿಗೆ "ಎರಡನೇ ಡಿಸ್ಕ್ ಹಾಕಿರಿ" ಅಂತ ಬಂದರೆ ಅಜ್ಜಿ ಬಿಟ್ಟಾಳೆಯೇ? ರಿಮೋಟು ಅವಳ ಕೈಯಲ್ಲೇ ಇರುತ್ತೆ.