ಸಾಕಿದ ಹೆಬ್ಬಾವು ಒಡತಿಯ ಪಕ್ಕ ಮಲಗಿ ‘ಅಳತೆ’ ತೆಗೆಯುತ್ತಾ? ಇಲ್ಲಿದೆ ವಾಸ್ತವ

ವಾಟ್ಸಾಪ್‌ನಲ್ಲಿ ಹಲವು ವರ್ಷಗಳಿಂದ ಒಂದು ಕಥೆ ಸುತ್ತುತ್ತಿದೆ. ಮಹಿಳೆಯೊಬ್ಬರು ಸಾಕಿದ ಹೆಬ್ಬಾವು ಊಟ ಬಿಟ್ಟು, ರಾತ್ರಿ ಅವರ ಪಕ್ಕದಲ್ಲೇ ಉದ್ದಕ್ಕೆ ಚಾಚಿ ಮಲಗುತ್ತಿತ್ತಂತೆ. ಗಾಬರಿಯಿಂದ ಪಶುವೈದ್ಯರ ಬಳಿ ಒಯ್ದರೆ, ‘ಅದು ನಿಮ್ಮನ್ನು ನುಂಗಲು ಅಳತೆ ನೋಡುತ್ತಿದೆ, ಅದಕ್ಕೇ ಹೊಟ್ಟೆ ಖಾಲಿ ಇಟ್ಟುಕೊಂಡಿದೆ’ ಎಂದರಂತೆ. ಈ ಕಥೆಯಲ್ಲಿ ಊರಿಲ್ಲ, ದಿನಾಂಕವಿಲ್ಲ, ವೈದ್ಯರ ಹೆಸರೂ ಇಲ್ಲ.

ಹಾವು ಅಳತೆ ನೋಡುತ್ತದೆಯೇ?

ಇಲ್ಲ. ಹೆಬ್ಬಾವು ಹೊಂಚು ಹಾಕಿ ಬೇಟೆಯಾಡುವ ಪ್ರಾಣಿ. ನಾಲಿಗೆಯಿಂದ ವಾಸನೆ ಹಿಡಿದು, ಬೇಟೆಯ ದೇಹದ ಶಾಖ ಗುರುತಿಸಿ ಕ್ಷಣಾರ್ಧದಲ್ಲಿ ಎರಗುತ್ತದೆ. ಪಕ್ಕದಲ್ಲಿ ದಿನಗಟ್ಟಲೆ ಮಲಗಿ ಲೆಕ್ಕ ಹಾಕುವುದಿಲ್ಲ. 2017ರಲ್ಲಿ ಇಂಡೋನೇಷ್ಯಾದ ಸುಲವೇಸಿಯಲ್ಲಿ ಹೆಬ್ಬಾವು ಮನುಷ್ಯನನ್ನು ನುಂಗಿದ್ದು ನಿಜ. ಆದರೆ ಅದು ಕಾಡಿನ ದೈತ್ಯ ರೆಟಿಕ್ಯುಲೇಟೆಡ್ ಪೈಥಾನ್. ವಿದೇಶಗಳಲ್ಲಿ ಹೆಚ್ಚಾಗಿ ಸಾಕುವ ಬಾಲ್ ಪೈಥಾನ್ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಉದ್ದವಿರುತ್ತದೆ, ಇಲಿ ತಿನ್ನುತ್ತದೆ.

ಹಾಗಾದರೆ ಊಟ ಬಿಡುವುದೇಕೆ?

ಪೊರೆ ಬಿಡುವ ಸಮಯ, ಸಂತಾನೋತ್ಪತ್ತಿಯ ಕಾಲ, ಹೊಸ ಜಾಗದ ಒತ್ತಡ, ಗೂಡಿನಲ್ಲಿ ಸಾಲದ ಬಿಸಿ ಇದಕ್ಕೆ ಕಾರಣವಾಗಬಹುದು. ಆರೋಗ್ಯವಂತ ಬಾಲ್ ಪೈಥಾನ್ ಕೆಲವು ತಿಂಗಳು ಉಪವಾಸ ಇರುವುದೂ ಉಂಟು. ಆದರೆ ತೂಕ ಇಳಿಯುತ್ತಿದ್ದರೆ ಕಾಯಿಲೆ ಇರಬಹುದು. ಕಥೆಯನ್ನು ನಂಬಿದರೆ ಆಗುವ ನಷ್ಟ ಇದೇ: ಚಿಕಿತ್ಸೆ ಬೇಕಾದ ಪ್ರಾಣಿ ಕೊಲೆಗಡುಕನಂತೆ ಕಾಣುತ್ತದೆ.

ವೈದ್ಯರು ನಿಜವಾಗಿ ನೋಡುವುದೇನು?

ಹೊಸ ಹಾವು ತಂದವರು ಸರೀಸೃಪಗಳ ಬಗ್ಗೆ ಅನುಭವವಿರುವ ಪಶುವೈದ್ಯರಿಗೆ ಅದನ್ನು ತೋರಿಸಬೇಕು. ವೈದ್ಯರು ತೂಕ ಬರೆದಿಟ್ಟುಕೊಳ್ಳುತ್ತಾರೆ. ಬಾಯಲ್ಲಿ ಸೋಂಕು, ಉಸಿರಾಟದಲ್ಲಿ ಗೊರಗೊರ ಸದ್ದು, ಹುರುಪೆಗಳ ನಡುವೆ ಉಣ್ಣೆಯಂಥ ಹುಳು, ಕಣ್ಣಿನ ಮೇಲೆ ಉಳಿದ ಪೊರೆ ಇದೆಯೇ ಎಂದು ನೋಡುತ್ತಾರೆ. ಮಲ ಪರೀಕ್ಷಿಸಿ ಪರಾವಲಂಬಿ ಹುಳುಗಳನ್ನು ಪತ್ತೆ ಮಾಡುತ್ತಾರೆ. ಗೂಡಿನ ಉಷ್ಣಾಂಶ, ತೇವಾಂಶವನ್ನೂ ಕೇಳುತ್ತಾರೆ, ಏಕೆಂದರೆ ಸಾಕಿದ ಹಾವುಗಳ ಎಷ್ಟೋ ಕಾಯಿಲೆ ಅಲ್ಲಿಂದಲೇ ಶುರುವಾಗುತ್ತದೆ. ಭೇಟಿಗೆ ಸ್ವಲ್ಪ ಮೊದಲು ಊಟ ಕೊಡಬಾರದು, ಪ್ರಯಾಣದ ಒತ್ತಡಕ್ಕೆ ಹಾವು ಅದನ್ನು ಕಕ್ಕಬಹುದು.

ಆರೋಗ್ಯವಾಗಿ ಕಾಣುವ ಹಾವಿನ ಮೈಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು. ಐದು ವರ್ಷದೊಳಗಿನ ಮಕ್ಕಳನ್ನು ದೂರ ಇಡಬೇಕು.

ನಮ್ಮಲ್ಲಿ ಹಾವು ಸಾಕಬಹುದೇ?

ನಾಗರಹಾವು, ಕೇರೆಹಾವು, ನಮ್ಮ ಕಾಡಿನ ಹೆಬ್ಬಾವು ಇವನ್ನು ಹಿಡಿದು ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವು ಇದ್ದರೆ, 2022ರ ತಿದ್ದುಪಡಿಯ ನಂತರ ಸರ್ಕಾರದಲ್ಲಿ ನೋಂದಣಿ ಕಡ್ಡಾಯ. ಮನೆಯ ಹತ್ತಿರ ಗಾಯಗೊಂಡ ಹಾವು ಕಂಡರೆ ಮುಟ್ಟಬೇಡಿ, ಕರ್ನಾಟಕದಲ್ಲಿದ್ದರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

‘ಅಳತೆ’ ಕಥೆ ನಿಮ್ಮ ಗ್ರೂಪ್‌ಗೆ ಮತ್ತೆ ಬಂದರೆ, ಕಳಿಸಿದವರಿಗೆ ಈ ಮಾಹಿತಿಯನ್ನು ಕಳಿಸಿ ಎಂಬುದು ನಮ್ಮ ಕೋರಿಕೆ.