ಬಾನುಲಿಗೆ ಆಟದ ಬಾಗಿಲು ತೆರೆಯಲಿ

ಆಕಾಶದ ತರಂಗಗಳು ಯಾವ ವ್ಯಾಪಾರಿಯ ಸೊತ್ತೂ ಅಲ್ಲ, ಸರಕಾರದ ಸೊತ್ತೂ ಅಲ್ಲ, ಅವು ಸಾರ್ವಜನಿಕರ ಸೊತ್ತು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರುವರಿಯಲ್ಲಿಯೇ ತೀರ್ಪಿತ್ತಿತು. ಈ ಮಹತ್ವದ ತೀರ್ಪಿಗೆ ಒಂದು ಆಟವೇ ನಿಮಿತ್ತವಾಯಿತೆಂಬದನ್ನು ವಾಚಕರಲ್ಲಿ ಅನೇಕರು ಮರೆತಿರಬಹುದು. 1993ರಲ್ಲಿ ಬಂಗಾಲದ ಕ್ರಿಕೆಟ್ ಸಂಘವು ಹೀರೋ ಕಪ್ ಪಂದ್ಯಗಳ ಪ್ರಸಾರದ ಹಕ್ಕನ್ನು ವಿದೇಶೀ ಸಂಸ್ಥೆಯೊಂದಕ್ಕೆ ಮಾರಿತು, ದೂರದರ್ಶನವು ಸಮ್ಮತಿಸಲಿಲ್ಲ, ವ್ಯಾಜ್ಯವು ದಿಲ್ಲಿಯವರೆಗೆ ಹೋಯಿತು. ಅದೇ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ನಮ್ಮ ಬೆಂಗಳೂರಿನ ಅನಿಲ ಕುಂಬ್ಳೆಯವರು ಕೇವಲ 12 ಓಟಗಳನ್ನು ಕೊಟ್ಟು ವೆಸ್ಟ್ ಇಂಡೀಸಿನ 6 ಮಂದಿಯನ್ನು ಕೆಡವಿದರು. ಹಕ್ಕಿಗಾಗಿ ಬಡಿದಾಡಿದವರ ಹೆಸರು ಇಂದು ಯಾರಿಗೂ ನೆನಪಿಲ್ಲ, ಆ 12 ಓಟಗಳು ಮಾತ್ರ ನೆನಪಿವೆ.

ಸಾರ್ವಜನಿಕರ ಸೊತ್ತು ಸಾರ್ವಜನಿಕರ ಕಿವಿಗೆ ಮುಟ್ಟಿತೇ ಎಂಬದೇ ಈಗಿನ ಪ್ರಶ್ನೆ. 2007ರ ಕಾಯದೆಯು ಒಂದು ಹೆಜ್ಜೆ ಮುಂದಿಟ್ಟದ್ದು ನಿಜ. ರಾಷ್ಟ್ರೀಯ ಮಹತ್ವದ್ದೆಂದು ಸರಕಾರವು ಸಾರಿದ ಪಂದ್ಯಗಳನ್ನು ಹಕ್ಕುದಾರರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳತಕ್ಕದ್ದು. ಜಾಹೀರಾತಿನ ಉತ್ಪನ್ನದಲ್ಲಿ ಹಕ್ಕುದಾರರಿಗೆ ಟೆಲಿವಿಷನ್ನಿನಿಂದ ನೂರಕ್ಕೆ 75ಕ್ಕೂ ರೇಡಿಯೋದಿಂದ ನೂರಕ್ಕೆ 50ಕ್ಕೂ ಕಡಮೆಯಾಗದ ಪಾಲು ಸಲ್ಲತಕ್ಕದ್ದು. ಆದರೆ ಆ ಯಾದಿಯಲ್ಲಿ ಐ.ಪಿ.ಎಲ್. ಇಲ್ಲ. ಬೆಂಗಳೂರಿನ ಹೆಸರು ಹೊತ್ತ ತಂಡವು ಬೆಂಗಳೂರಿನಲ್ಲಿಯೇ ಆಡಿದರೂ ಅದರ ಆಟವನ್ನು ಬಾನುಲಿಗೆ ಕೊಡಲೇಬೇಕೆಂಬ ಕಟ್ಟು ಯಾರಿಗೂ ಇಲ್ಲ. ಯಾದಿಯಲ್ಲಿರುವ ಪಂದ್ಯಗಳಲ್ಲಾದರೂ ಆಕಾಶವಾಣಿಯ ವೀಕ್ಷಕ ವಿವರಣೆಯು ಬಹುಕಾಲದಿಂದ ಮುಖ್ಯವಾಗಿ ಹಿಂದಿ ಮತ್ತು ಇಂಗ್ಲಿಷುಗಳಲ್ಲಿಯೇ ನಡೆದುಬಂದಿದೆ. ಲಾಭದ ದೃಷ್ಟಿಯ ಖಾಸಗಿ ಟೆಲಿವಿಷನ್ನಿನವರು 2018ರಲ್ಲಿ ಐ.ಪಿ.ಎಲ್. ವಿವರಣೆಯನ್ನು ಕನ್ನಡದಲ್ಲಿ ಕೊಡಲು ಮುಂದಾದರು. ಜನತೆಯ ಹಣದಿಂದ ನಡೆಯುವ ಸಂಸ್ಥೆಗೆ ಆ ಬುದ್ಧಿ ಮೊದಲೇ ಬರಬೇಕಾಗಿತ್ತು. ಆಕಾಶವಾಣಿಯೆಂಬ ಹೆಸರನ್ನೇ 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯ ಪುಟ್ಟ ನಿಲಯಕ್ಕೆ ಇಟ್ಟುಕೊಂಡಿದ್ದರೆಂಬದನ್ನು ದಿಲ್ಲಿಯ ಅಧಿಕಾರಿಗಳಿಗೆ ಜ್ಞಾಪಿಸುವದು ಅನುಚಿತವಾಗಲಾರದು.

ಇನ್ನು ಖಾಸಗಿ ನಿಲಯಗಳ ಮಾತು. ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯವು 2001ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ಅಲ್ಲಿಂದೀಚೆಗೆ ನಿಲಯಗಳು ಹೆಚ್ಚಿದವು. ಕಾರ್ಯಕ್ರಮದ ಬಗೆಗಳು ಹೆಚ್ಚಲಿಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ತಿರುಗಿಸಿದರೂ ಸಿನೇಮಾ ಹಾಡು, ಹರಟೆ, ಜಾಹೀರಾತು, ಮತ್ತೆ ಹಾಡು. ಇದಕ್ಕೆ ನಿಲಯದವರನ್ನೇ ದೂರುವದು ನ್ಯಾಯವಲ್ಲ. ಸ್ವಂತ ವಾರ್ತೆ ಕೂಡದು, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಆಟದ ಮಾಹಿತಿ ಹೇಳಬಹುದು, ಆಟವನ್ನು ನಡೆಯುತ್ತಿರುವಾಗಲೇ ವರ್ಣಿಸಕೂಡದು. ಇದು 2011ರ ನೀತಿಯು ಹಾಕಿದ ಕಟ್ಟಳೆ. ಸ್ಥಳೀಯ ಸ್ವರೂಪದ ಕ್ರೀಡೆಗಳಿಗೆ ಮಾತ್ರ ನೇರ ವಿವರಣೆಯ ಅವಕಾಶವುಂಟು. ಕಿಂಡಿ ಚಿಕ್ಕದಾದರೂ ಕಿಂಡಿಯೇ ಸರಿ. ಮಂಗಳೂರಿನ ನಿಲಯಗಳು ಸುತ್ತಿನ ಕಂಬಳವನ್ನು, ಹುಬ್ಬಳ್ಳಿ-ಧಾರವಾಡದವು ಕಬಡ್ಡಿ ಖೊಖೊಗಳನ್ನು ಊರಿನ ಮಾತಿನಲ್ಲಿ ಬಣ್ಣಿಸಬಾರದೇಕೆ? ಕೊಡಗಿನಲ್ಲಿ 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕಿಂತ ಸ್ಥಳೀಯವಾದ ಕ್ರೀಡೆ ಇನ್ನಾವುದು? ಆದರೆ ರಣಜಿ ಪಂದ್ಯವೊಂದು ಮೈಸೂರಿನಲ್ಲಿ ನಡೆದರೆ ಅದು ಸ್ಥಳೀಯವೋ ರಾಷ್ಟ್ರೀಯವೋ? ಈ ಸಂದೇಹ ಬಂದಲ್ಲಿ ಲೈಸೆನ್ಸ್ ಕಳೆದುಕೊಳ್ಳುವ ಭಯದಿಂದ ಯಾವ ನಿಲಯದವನೂ ಹಾಡು ಹಾಕಿ ಸುಮ್ಮನಾಗುವನು.

ಹಕ್ಕು ದೊರೆತರೂ ಧ್ವನಿ ಮುಟ್ಟಬೇಕಷ್ಟೆ. ಎಫ್.ಎಂ. ತರಂಗವು ಹೆಚ್ಚುಕಡಿಮೆ ನೇರವಾಗಿ ಸಾಗುವಂಥದು. ಗುಡ್ಡ ಅಡ್ಡ ಬಂದರೆ ಆಚೆಯ ಕಣಿವೆಗೆ ಕ್ಷೀಣವಾಗುವದು. ಮಲೆನಾಡಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಘಾಟಿಯ ಒಂದೊಂದು ತಿರುವಿನಲ್ಲಿ ಬಸ್ಸಿನ ರೇಡಿಯೋ ಬಾಯಿ ಮುಚ್ಚುವದನ್ನು ಅವರು ಬಲ್ಲರು. ಮಧ್ಯಮ ತರಂಗವು ನೆಲಕ್ಕಂಟಿಕೊಂಡು ನೂರಾರು ಮೈಲು ಹೋಗುವದು; ಗರಗರ ಸದ್ದು ಬಂದರೂ ಮಾತು ತಿಳಿಯುವದು. ಅಂಥ ಹಳೆಯ ಯಂತ್ರಗಳನ್ನು ದೇಶದ ಹಲವೆಡೆ ನಿಲ್ಲಿಸಿಬಿಟ್ಟಿರುವರು. 2006ರಿಂದ ಸಂಘಸಂಸ್ಥೆಗಳಿಗೂ ತೆರೆದ ಸಮುದಾಯ ಬಾನುಲಿಯ ಶಕ್ತಿಯಾದರೋ 100 ವ್ಯಾಟ್. ಹತ್ತೆಂಟು ಹಳ್ಳಿ ದಾಟಿದರೆ ಅದರ ಸೀಮೆ ಮುಗಿಯಿತು. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ರೇಡಿಯೋ ಏಕೆನ್ನುವವರು ನೇಗಿಲು ಹಿಡಿದವನಿಗೆ, ಹೊಲಿಗೆಯಂತ್ರದ ಮುಂದೆ ಕುಳಿತವನಿಗೆ, ಕಣ್ಣಿಲ್ಲದವನಿಗೆ ಪರದೆಯು ಹೇಗೆ ಒದಗುವದೆಂದು ಹೇಳಲಿ.

ಕೋಟಿಗಟ್ಟಲೆ ಸುರಿದವನು ಪುಕ್ಕಟೆಯಾಗಿ ಏಕೆ ಕೊಡಬೇಕೆಂಬ ಆಕ್ಷೇಪಣೆ ಬರುವದು ಸಹಜ. 2023ರಿಂದ 2027ರವರೆಗಿನ ಐ.ಪಿ.ಎಲ್. ಪ್ರಸಾರದ ಹಕ್ಕುಗಳು 48,390 ಕೋಟಿ ರೂಪಾಯಿಗೆ ಹೋದವೆಂಬದನ್ನು ನಾವು ಬಲ್ಲೆವು. ಆದರೆ ಅಷ್ಟು ಹಣ ಬಂದದ್ದು ನೋಡುವವರಿಂದ. ಪರದೆಯ ಮುಂದೆ ಕೂರುವ ಅನುಕೂಲವಿದ್ದವನು ಎದ್ದುಹೋಗಿ ರೇಡಿಯೋ ತಿರುಗಿಸುವದಿಲ್ಲ. ಕೇಳುವವನಿಂದ ಹಕ್ಕುದಾರನಿಗೆ ಆಗುವ ನಷ್ಟವಾದರೂ ಏನು?

2024ರ ಆಗಸ್ಟಿನಲ್ಲಿ ಕೇಂದ್ರ ಮಂತ್ರಿಮಂಡಲವು 234 ಹೊಸ ಊರುಗಳಲ್ಲಿ 730 ಖಾಸಗಿ ನಿಲಯಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಹರಾಜಿನ ದರವನ್ನು ನಿಷ್ಕರ್ಷಿಸುವಷ್ಟೇ ಆಸ್ಥೆಯಿಂದ ‘ಸ್ಥಳೀಯ ಕ್ರೀಡೆ’ ಎಂಬ ಮಾತಿನ ಅರ್ಥವನ್ನೂ ಸರಕಾರದವರು ನಿಷ್ಕರ್ಷಿಸಲಿ. ರಾಜ್ಯದ ಒಳಗೆ ನಡೆಯುವ ಸಕಲ ಪಂದ್ಯಗಳೂ ಅದರಲ್ಲಿ ಸೇರಲಿ, ಸಮುದಾಯ ಬಾನುಲಿಗಳಿಗೂ ಆ ಅವಕಾಶವು ನಿಸ್ಸಂದೇಹವಾಗಿ ದೊರೆಯಲಿ. ಕ್ರಿಕೆಟ್ ಮಂಡಳಿಯವರು ರಣಜಿ ಪಂದ್ಯಗಳ ಧ್ವನಿಯ ಹಕ್ಕನ್ನು ಚಿತ್ರದ ಹಕ್ಕಿನಿಂದ ಬೇರ್ಪಡಿಸಿ ಆಯಾ ಪ್ರಾಂತದ ನಿಲಯಗಳಿಗೆ ನಾಮಮಾತ್ರದ ಬೆಲೆಗೆ ಬಿಟ್ಟುಕೊಡಲಿ. ಬೆಂಗಳೂರು, ಧಾರವಾಡ ನಿಲಯಗಳವರು ಅನುಮತಿಯ ಕಾಗದಕ್ಕೆ ಕಾಯುತ್ತ ಕೂಡದೆ, ಕನ್ನಡದಲ್ಲಿ ಆಟವನ್ನು ಬಣ್ಣಿಸಬಲ್ಲ ತರುಣರನ್ನು ಈಗಿನಿಂದಲೇ ಮೈದಾನಗಳಿಗೆ ಕಳಿಸಿ ತಯಾರು ಮಾಡಲಿ.