ಸೇತುವೆ ಬಂತು, ಹಕ್ಕುಪತ್ರ ಬರಲಿಲ್ಲ

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ, ನಡುವೆ ಕೇಬಲ್‌ಗಳ ಆಸರೆಯಿರುವ ಸೇತುವೆ ಅದು. ಅಲ್ಲಿಯವರೆಗೆ ಸಾಗರದಿಂದ ತುಮರಿಗೆ, ಸಿಗಂದೂರಿಗೆ ಹೋಗುವವರು ಹೊಳೆಬಾಗಿಲಲ್ಲಿ ಲಾಂಚಿಗಾಗಿ ಕಾಯಬೇಕಿತ್ತು. ಬಸ್ಸು, ಕಾರು, ಅಡಿಕೆ ಮೂಟೆ, ಕಾಲೇಜಿನ ಮಕ್ಕಳು, ಚೌಡೇಶ್ವರಿಯ ಭಕ್ತರು ಎಲ್ಲ ಒಂದೇ ಲಾಂಚಿನಲ್ಲಿ ದಾಟುತ್ತಿದ್ದರು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವುದು ನಿಲ್ಲುತ್ತಿತ್ತು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಆಚೆ ದಡದವರಿಗೆ ಕಾಡಿನ ರಸ್ತೆಯಲ್ಲಿ ಸುತ್ತಿ ಬಳಸಿ ಹೋಗುವುದೊಂದೇ ದಾರಿ. ಹೆರಿಗೆ ನೋವು, ಹಾವು ಕಡಿತ, ಎದೆನೋವು ಲಾಂಚಿನ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ.

ಆದ್ದರಿಂದ ಸೇತುವೆಯ ಬಗ್ಗೆ ಯಾರಿಗೂ ತಕರಾರು ಇರಬಾರದು. ಲಾಂಚ್ ಪಯಣ ಎಷ್ಟು ಚೆಂದವಿತ್ತು ಎಂದು ಹಳಹಳಿಸುವವರು ರೋಗಿಯನ್ನು ಜೀಪಿನಲ್ಲಿ ಮಲಗಿಸಿಕೊಂಡು ಆ ದಡದಲ್ಲಿ ಕಾದವರಲ್ಲ. ತಕರಾರು ಇರಬೇಕಾದದ್ದು ಉದ್ಘಾಟನೆಯ ನಂತರ ಎಲ್ಲೆಡೆ ಕೇಳಿಬಂದ ಒಂದು ಮಾತಿಗೆ: ದ್ವೀಪದ ಕಷ್ಟ ಮುಗಿಯಿತು ಎಂಬ ಮಾತಿಗೆ. ಮುಗಿದದ್ದು ದಾಟುವ ಕಷ್ಟ. ಉಳಿಯುವ ಕಷ್ಟ ಹಾಗೆಯೇ ಇದೆ.

ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳು ಹುಟ್ಟಾ ದ್ವೀಪಗಳಲ್ಲ. ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿ ಚಿಕ್ಕ ಹೊಳೆ. ಅದರ ಉದ್ದ ಸುಮಾರು 130 ಕಿಲೋಮೀಟರ್ ಮಾತ್ರ. ಆ ಹೊಳೆಯ ಇಕ್ಕೆಲದಲ್ಲಿ ಗದ್ದೆ, ತೋಟ, ಅವುಗಳ ಬೆನ್ನಿಗೆ ಸೊಪ್ಪಿನ ಬೆಟ್ಟ, ಅದರಾಚೆ ನಿತ್ಯಹರಿದ್ವರ್ಣ ಕಾಡು. 1940ರ ದಶಕದಲ್ಲಿ ಮಡೆನೂರಿನಲ್ಲಿ ಕಟ್ಟಿದ ಅಣೆಕಟ್ಟು ಮೊದಲ ಪಾಲು ಮುಳುಗಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಹಳೆಯ ಅಣೆಕಟ್ಟೇ ನೀರೊಳಗೆ ಹೋಯಿತು. ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಆ ಗೆರೆಯ ಕೆಳಗಿದ್ದ ಊರುಗಳೆಲ್ಲ ಹೋದವು. ಮೇಲಿದ್ದವು ಹಿನ್ನೀರಿನಾಚೆ ಒಂಟಿಯಾದವು. ಒಕ್ಕಲೆದ್ದವರಲ್ಲಿ ಕೆಲವರು ಶಿವಮೊಗ್ಗ ಜಿಲ್ಲೆಯ ಬೇರೆ ತಾಲೂಕುಗಳ ಕಾಡಂಚಿಗೆ ಹೋದರು. ಕೆಲವರು ನೀರು ಏರಿದಂತೆ ತಾವೂ ಗುಡ್ಡ ಏರಿದರು.

ಬದಲಿಗೆ ನಾಡಿಗೆ ಸಿಕ್ಕಿದ್ದು ಬೆಳಕು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಬೆಂಗಳೂರಿನ ಕಾರ್ಖಾನೆಗಳು ಬೆಳೆದದ್ದರಲ್ಲಿ ಈ ಹೊಳೆಯ ಪಾಲು ದೊಡ್ಡದು. ಭೂಮಿ ಕೊಟ್ಟವರಿಗೆ ಸಿಗಬೇಕಾಗಿದ್ದದ್ದು ಮತ್ತೊಂದು ಭೂಮಿ, ಮತ್ತು ಅದು ನಿಮ್ಮದೇ ಎನ್ನುವ ಒಂದು ಕಾಗದ. ಭೂಮಿಯನ್ನು ಅನೇಕರು ತಾವೇ ಕಡಿದು, ಅಗೆದು ಮಾಡಿಕೊಂಡರು. ಕಾಗದ ಸಾವಿರಾರು ಕುಟುಂಬಗಳಿಗೆ ಇನ್ನೂ ಬಂದಿಲ್ಲ.

ಯಾಕೆ ಬಂದಿಲ್ಲ ಎಂಬುದು ಗೋಜಲೇನಲ್ಲ. ಅವರನ್ನು ಕಳಿಸಿದ ಜಾಗ ದಾಖಲೆಯಲ್ಲಿ ಕಾಡು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡನ್ನು ಕಾಡಲ್ಲ ಎನ್ನಲು ಕೇಂದ್ರದ ಒಪ್ಪಿಗೆ ಬೇಕು. ಬೇರೆ ಬೇರೆ ಸರ್ಕಾರಗಳು ಆ ಒಪ್ಪಿಗೆ ಪಡೆಯದೆ ಮುಳುಗಡೆ ಸಂತ್ರಸ್ತರ ಹೆಸರಿನಲ್ಲಿ ಡಿನೋಟಿಫಿಕೇಷನ್ ಆದೇಶಗಳನ್ನು ಹೊರಡಿಸುತ್ತಾ ಬಂದವು. ಕಾಗದ ಹಂಚಿದ ಫೋಟೋಗಳೂ ಬಂದವು. ಹೈಕೋರ್ಟಿನ ತೀರ್ಪಿನ ಬೆನ್ನಿಗೆ 2021ರಲ್ಲಿ ಆ ಆದೇಶಗಳು ರದ್ದಾದವು. ತಪ್ಪು ಮಾಡಿದ್ದು ಸರ್ಕಾರ, ಕಾಗದ ಕಳೆದುಕೊಂಡದ್ದು ರೈತ.

ಹಾಗಾದರೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಲಿ ಎನ್ನುವವರಿದ್ದಾರೆ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಗೆ ಆ ಕಾಯ್ದೆಯ ಷರತ್ತು ಇದು: 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿ ಅದನ್ನೇ ಅವಲಂಬಿಸಿದ್ದರೆಂದು ತೋರಿಸಬೇಕು. ಲೆಕ್ಕ ಹಿಂದಕ್ಕೆ ಹೋಗಿ 1930ಕ್ಕೆ ನಿಲ್ಲುತ್ತದೆ. 1930ರಲ್ಲಿ ಈ ಕುಟುಂಬಗಳ ಅಜ್ಜಂದಿರು ಈಗ ನೀರಿನ ತಳದಲ್ಲಿರುವ ಗದ್ದೆಯನ್ನು ಉಳುತ್ತಿದ್ದರು. 1964ರಲ್ಲಿ ತಾನೇ ಎಬ್ಬಿಸಿ ಕಳಿಸಿದವರನ್ನು, 1930ರಲ್ಲಿ ಈ ಕಾಡಿನಲ್ಲಿ ಏಕಿರಲಿಲ್ಲ ಎಂದು ಸರ್ಕಾರವೇ ಕೇಳಿದಂತಾಯಿತು.

ಕಾಗದವಿಲ್ಲದ ಬದುಕು ಹೇಗಿರುತ್ತದೆ ಎಂಬುದು ನಗರದಲ್ಲಿರುವವರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬೆಳೆಸಾಲ ಸಿಗುವುದು ಕಷ್ಟ, ಬೆಳೆವಿಮೆಯೂ ಕಷ್ಟ. ಮಳೆಗಾಲದ ಕೊಳೆರೋಗ ಮತ್ತು ಈಚಿನ ಎಲೆಚುಕ್ಕಿ ರೋಗ ಅಡಿಕೆ ತೋಟಗಳನ್ನು ಹಣಿಯುತ್ತಿರುವಾಗ ಪರಿಹಾರದ ಪಟ್ಟಿಯಲ್ಲೂ ಆತ ಇರುವುದಿಲ್ಲ. ಅಪ್ಪ ಸತ್ತರೆ ಮಕ್ಕಳ ಹೆಸರಿಗೆ ಖಾತೆ ಮಾಡಿಸಲು ಖಾತೆಯೇ ಇಲ್ಲ. ಮಗಳ ಓದಿಗೆ ಜಮೀನು ಅಡವಿಡಲು ಬರುವುದಿಲ್ಲ. ಹೊಸ ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಬೇಕು. ನಾಳೆ ಒತ್ತುವರಿಯ ನೋಟಿಸು ಬರಬಹುದಾದ ನೆಲದಲ್ಲಿ ಯಾವ ಇಪ್ಪತ್ತೈದರ ಹುಡುಗ ಆ ಐದಾರು ವರ್ಷವನ್ನು ಹೂಡುತ್ತಾನೆ? ಅವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಈಗ ಆ ಬಸ್ಸಿಗೆ ಲಾಂಚನ್ನು ಕಾಯುವ ಕೆಲಸವೂ ಇಲ್ಲ.

ಸೇತುವೆಯ ಮೇಲೆ ಎರಡೂ ಕಡೆಯಿಂದ ಜನ ಹೋಗುತ್ತಾರೆ, ಬರುತ್ತಾರೆ. ಆಚೆಯಿಂದ ಬರುವ ದುಡ್ಡಿಗೆ ಹಿನ್ನೀರಿನ ನೋಟವಿರುವ ಜಾಗ ಬೇಕು, ಅದಕ್ಕೆ ಚೊಕ್ಕ ದಾಖಲೆ ಬೇಕು. ದಾಖಲೆಯಿರುವ ನೆಲ ಮಾರಾಟವಾಗುತ್ತದೆ, ಅಲ್ಲಿ ರೆಸಾರ್ಟ್ ಏಳುತ್ತದೆ. ದಾಖಲೆ ಇಲ್ಲದವನು ತನ್ನ ಮನೆಯ ಎರಡು ಕೋಣೆಯನ್ನು ಹೋಂಸ್ಟೇ ಮಾಡಲು ಪರವಾನಗಿ ಕೇಳಿದರೆ ಮೊದಲ ಪ್ರಶ್ನೆಯೇ ಜಾಗ ಯಾರದು ಎಂಬುದು. ಹಕ್ಕುಪತ್ರವಿಲ್ಲದೆ ಬಂದ ಸೇತುವೆ ಊರಿನವನನ್ನು ಊರಿನ ಪಾರ್ಕಿಂಗ್ ಕಾಯುವವನನ್ನಾಗಿ ಮಾಡಬಲ್ಲದು.

ಇದಕ್ಕೆ ಎದುರಾಗಿ ಕಾಡಿನ ಪರ ನಿಲ್ಲುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಶರಾವತಿ ಕಣಿವೆ ಸಿಂಗಳೀಕಗಳ ಮನೆ. 2019ರಲ್ಲಿ ಇದನ್ನು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವಾಗಿ ವಿಸ್ತರಿಸಲಾಗಿದೆ. ಸಂತ್ರಸ್ತರ ಹೆಸರು ಹೇಳಿಕೊಂಡು ಆಮೇಲೆ ಒತ್ತುವರಿ ಮಾಡಿದವರೂ ಇದ್ದಾರೆ. ಬಾಗಿಲು ತೆರೆದರೆ ಅವರೂ ನುಗ್ಗುತ್ತಾರೆ ಎಂಬ ಭಯ ನಿಜವಾದದ್ದೇ. ಆದರೆ ಆ ಭಯಕ್ಕೆ ಮದ್ದು ಎಲ್ಲರನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿಡುವುದಲ್ಲ. ಗಡಿಕಲ್ಲು ನೆಟ್ಟು, ಇಲ್ಲಿಯವರೆಗೆ ನಿನ್ನದು, ಇಲ್ಲಿಂದಾಚೆ ಕಾಡಿನದು ಎಂದಾಗಲೇ ಕಾಡಿಗೂ ಒಂದು ಬೇಲಿ ಸಿಗುತ್ತದೆ. ಗಡಿಯೇ ಇಲ್ಲದಲ್ಲಿ ವರ್ಷಕ್ಕೆ ಒಂದು ಮಾರು ಮುಂದೆ ಸರಿಯುವವನಿಗೇ ಲಾಭ.

ಇನ್ನೊಂದು ಮಾತೂ ಇದೆ. ಇದೇ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರವೇ ಮುಂದಿಟ್ಟಿದೆ. ವಿದ್ಯುತ್ತಿಗಾಗಿ ಕಾಡಿನೊಳಗೆ ಸುರಂಗಕ್ಕೆ ಅನುಮತಿ ಕೇಳಲು ಕಡತ ಓಡುತ್ತದೆಯಾದರೆ, ಮೊದಲ ವಿದ್ಯುತ್ತಿಗಾಗಿ ಮನೆ ಬಿಟ್ಟವರ ಕಡತವೂ ಓಡಬಲ್ಲದು. ಕಾನೂನು ಎರಡಕ್ಕೂ ಒಂದೇ. ಅವಸರ ಮಾತ್ರ ಬೇರೆ.

ಇದು ಶರಾವತಿಯ ಕತೆಯಷ್ಟೇ ಅಲ್ಲವೆಂದು ಪುಣೆ, ಮುಂಬೈಯ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಅದೇ ಕಾಲದಲ್ಲಿ ಕಟ್ಟಿದ ಕೊಯ್ನಾ ಅಣೆಕಟ್ಟಿನ ನಿರಾಶ್ರಿತರು ಪುನರ್ವಸತಿಗಾಗಿ ಧರಣಿ ಕೂರುವ ಸುದ್ದಿ ಅಲ್ಲಿನ ಮರಾಠಿ ಪತ್ರಿಕೆಗಳಲ್ಲಿ ಈಗಲೂ ಬರುತ್ತದೆ. ದೇಶಕ್ಕೆ ಬೆಳಕು ಕೊಟ್ಟ ಕಣಿವೆಗಳ ಪಾಡು ಘಟ್ಟದ ಉದ್ದಕ್ಕೂ ಒಂದೇ.

ಆಗಬೇಕಾದ ಕೆಲಸ ದೊಡ್ಡದಲ್ಲ. ಮುಳುಗಡೆಗಾಗಿ ಭೂಮಿ ವಶಪಡಿಸಿಕೊಂಡಾಗಿನ ಕಡತಗಳನ್ನು ತೆಗೆದು, ಯಾರ ಯಾವ ಸರ್ವೆ ನಂಬರು ಮುಳುಗಿತು ಎಂಬ ಪಟ್ಟಿ ಊರೂರಲ್ಲಿ ಓದಬೇಕು. ಕಂದಾಯ ಮತ್ತು ಅರಣ್ಯ ಇಲಾಖೆಗಳು ಒಟ್ಟಿಗೆ ನಿಂತು ಅಳೆಯಬೇಕು. ಮೂಲ ಸಂತ್ರಸ್ತರನ್ನು ಆಮೇಲಿನ ಒತ್ತುವರಿದಾರರಿಂದ ಬೇರ್ಪಡಿಸಿ, ಆ ಒಂದು ಪಟ್ಟಿಗೆ ಕೇಂದ್ರದ ಒಪ್ಪಿಗೆ ಕೇಳಬೇಕು. ಈ ಸಲ ಒಪ್ಪಿಗೆ ಮೊದಲು, ಹಂಚುವ ಸಮಾರಂಭ ಆಮೇಲೆ.

ಇದನ್ನು ಮುಂದಿನ ಚುನಾವಣೆಯವರೆಗೆ ಇಟ್ಟುಕೊಳ್ಳುವಂತಿಲ್ಲ. 1964ರಲ್ಲಿ ಅಪ್ಪನ ಜೊತೆ ಸಾಮಾನು ಹೊತ್ತ ಹದಿನೈದರ ಹುಡುಗನಿಗೆ ಈಗ ಎಪ್ಪತ್ತೈದು ದಾಟಿದೆ. ಯಾರ ಗದ್ದೆ ಎಲ್ಲಿತ್ತು, ಯಾರು ಯಾವ ಗುಡ್ಡಕ್ಕೆ ಬಂದರು, ಯಾರು ಆಮೇಲೆ ಬಂದು ಸೇರಿಕೊಂಡರು ಎಂದು ಕೈ ತೋರಿಸಿ ಹೇಳಬಲ್ಲವರು ಅವರೇ ಕೊನೆ. ಅವರು ಇರುವಾಗಲೇ ಸರ್ವೆ ಮುಗಿಯಬೇಕು.